ಮಮತಾ ಹಾರಿಸದ ಡ್ರೋನ್

‘ಒಂದೇ ಒಂದು ರೌಂಡ್ ಹಾರಿಸೇ’ ಎಂದು ಯಾರಾದರೂ ಅಂದರೆ ಸಾಕು, ಕೋಲಸಿರ್ಸಿಯ ಮಮತಾಳಿಗೆ ಪಿತ್ತ ನೆತ್ತಿಗೇರುತ್ತದೆ. ಮಹಿಳಾ ಸಂಘಕ್ಕೆ ಔಷಧಿ ಹೊಡೆಯುವ ಡ್ರೋನ್ ಬಂದಾಗ ತರಬೇತಿಗೆ ಹೋಗಿ, ಪರೀಕ್ಷೆ ಬರೆದು, ಪೈಲಟ್ ಲೈಸೆನ್ಸ್ ತಂದವಳು ಅವಳೊಬ್ಬಳೇ. ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಹಸಿರು ಇದ್ದರೆ ಹಾರಿಸಬಹುದು, ಹಳದಿಗೆ ಅನುಮತಿ ಬೇಕು, ಕೆಂಪು ಇದ್ದರೆ ಸುಮ್ಮನೆ ಮನೆಗೆ ಹೋಗಬೇಕು. ಇಷ್ಟನ್ನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗುವುದಿಲ್ಲ. ‘ಆಕಾಶಕ್ಕೆಲ್ಲಿಯ ಬೇಲಿ?’ ಎಂದು ನಗುತ್ತಾರೆ. ಹೇಳಿ ಹೇಳಿ ಅವಳ ಬಾಯಿ ಸೋತಿತ್ತು.

ಇಂಥವಳೇ ಒಮ್ಮೆ ಎಡವಿದಳು.

ಅವಳ ಸೋದರಮಾವ ಕೆರಿಯಪ್ಪನ ಗದ್ದೆ ಯಲ್ಲಾಪುರದ ಆಚೆ, ಘಟ್ಟದ ಅಂಚಿನಲ್ಲಿದೆ. ಮೂರು ಎಕರೆ ಭತ್ತಕ್ಕೆ ಜಿಗಿಹುಳು ಬಿದ್ದಿತ್ತು. ಮಾವ ಫೋನ್ ಮಾಡಿದಾಗ ಮಮತಾ ಕೇಳಿದ್ದು ಒಂದೇ ಮಾತು: "ಘಟ್ಟದ ಕೆಳಗೆ ಅಣುಸ್ಥಾವರ ಅದೆಯಲ್ಲ ಮಾವ, ಅದು ನಿಮ್ಮಲ್ಲಿಂದ ಎಷ್ಟು ದೂರ?"

"ನಲವತ್ತೆರಡು ಕಿಲೋಮೀಟರ್ ಮಾರಾಯ್ತಿ. ಬಸ್ಸಿಗೆ ಎರಡು ತಾಸು ಬೇಕು."

ಆ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಹೋದ ನೆನಪು ಅವಳಿಗೂ ಇತ್ತು. "ಹಂಗಾದ್ರೆ ಎಂತ ತೊಂದ್ರೆ ಇಲ್ಲ, ನಾಡಿದ್ದು ಬರ್ತೆ" ಅಂದುಬಿಟ್ಟಳು. ಮಾವ ಅದೇ ಮಾತು ನಂಬಿ, ಔಷಧಿ ಹೊಡೆಯಲು ಗೊತ್ತುಮಾಡಿದ್ದ ಕೈಪಂಪಿನ ಆಳುಗಳನ್ನು ಬೇರೆಯವರ ಗದ್ದೆಗೆ ಬಿಟ್ಟುಕೊಟ್ಟ.

ಬಾಡಿಗೆ ಗಾಡಿಯಲ್ಲಿ ಡ್ರೋನ್ ಹೇರಿಕೊಂಡು ಬಂದವಳು ರೂಢಿಯಂತೆ ಮೊಬೈಲಿನಲ್ಲಿ ನಕ್ಷೆ ತೆರೆದಳು. ಸಿಗ್ನಲ್ ಇಲ್ಲ. ದಿಬ್ಬ ಹತ್ತಿ ನೋಡಿದರೆ ಗದ್ದೆ ಪೂರ್ತಿ ಅಣುಸ್ಥಾವರದ ಸುತ್ತ ಎಳೆದ ಕೆಂಪು ವೃತ್ತದೊಳಗೆ ಕೂತಿದೆ! ನಲವತ್ತೆರಡು ಕಿಲೋಮೀಟರ್ ಇದ್ದದ್ದು ತಿರುವು ತಿರುವಾಗಿ ಇಳಿಯುವ ರಸ್ತೆಗೆ. ನಕ್ಷೆಯವರು ಗುಡ್ಡ ಕಣಿವೆ ಲೆಕ್ಕಿಸದೆ ನೇರವಾಗಿ ಅಳೆದಿದ್ದರು. ಹುಟ್ಟಿದಂದಿನಿಂದ ದೂರವನ್ನು ಬಸ್ಸಿನ ತಾಸಿನಲ್ಲೇ ಎಣಿಸಿದ ತನ್ನ ಬುದ್ಧಿಯ ಮೇಲೆ ಅವಳಿಗೆ ರೇಗಿಹೋಯಿತು.

"ಮೂರೇ ಎಕರೆ, ಅರ್ಧ ತಾಸಿನ ಕೆಲಸ. ಇಲ್ಲಿ ಯಾರು ಬಂದು ನೋಡ್ತಾರೆ?" ಎಂದ ಕೆರಿಯಪ್ಪ.

"ಯಾರಾದ್ರೂ ನೋಡಿದ್ರೆ ನನ್ನ ಲೈಸೆನ್ಸೂ ಹೋಗ್ತದೆ, ಸಂಘದ ಮಷಿನ್ನೂ ಹೋಗ್ತದೆ ಮಾವ. ಹಾರ್ಸೂದಿಲ್ಲ."

"ಮತ್ತೆ ಬಂದಿದ್ದೆಂತಕ್ಕೆ?"

ಮಮತಾ ಡ್ರೋನನ್ನು ಗಾಡಿಯಲ್ಲೇ ಬಿಟ್ಟು, ಕೊಟ್ಟಿಗೆಯ ಅಟ್ಟದಿಂದ ಹಳೆಯ ಕೈಪಂಪು ಇಳಿಸಿ ಬೆನ್ನಿಗೆ ಕಟ್ಟಿಕೊಂಡಳು. ಡ್ರೋನಿಗಾದರೆ ಎಕರೆಗೆ ಹತ್ತು ಲೀಟರ್ ನೀರು ಸಾಕಿತ್ತು. ಇದಕ್ಕೆ ಹಳ್ಳದಿಂದ ಕೊಡಗಟ್ಟಲೆ ಹೊರಬೇಕು. ಮಾವ ಕೊಡ ಹೊತ್ತ. ದಾರಿಯಲ್ಲಿ ಹೋಗುವವರು ನಿಂತು, "ಪೈಲಟ್ಟಮ್ಮ ನಡ್ಕೊಂಡೇ ಹಾರ್ತಾ ಇದಾರಲ್ಲ!" ಎಂದು ಹಲ್ಲು ಕಿರಿದರು. ಪಂಪಿನ ವಾಷರ್ ಸೋರಿ ಬೆನ್ನೆಲ್ಲ ಒದ್ದೆ. ಎರಡು ದಿನ ಹೊಡೆದರೂ ಕೆಳಗಿನ ಮೂಲೆ ಮುಟ್ಟುವಷ್ಟರಲ್ಲಿ ತಡವಾಗಿತ್ತು. ಎಂಟು ಗುಂಟೆ ಪೈರು ಸುಟ್ಟಂತೆ ಒಣಗಿಹೋಯಿತು.

ಅದಕ್ಕಾಗಿ ಮಾವ ಬೈದಿದ್ದರೆ ಅವಳು ಸುಧಾರಿಸಿಕೊಳ್ಳುತ್ತಿದ್ದಳು. ಅವನೋ ಸುಗ್ಗಿಯ ಊಟಕ್ಕೆ ಕರೆದು, ಪಂಕ್ತಿಯಲ್ಲಿ ಕೂತವರಿಗೆಲ್ಲ, "ನಮ್ಮ ಮಮತಾ ಕಾನೂನು ಬಿಟ್ಟು ಒಂದಿಂಚು ಹೋಗೂಳಲ್ಲ. ಸರ್ಕಾರದವರ ಹಾಳು ವೃತ್ತ, ನಮ್ಮ ಹಣೆಬರಹ" ಎನ್ನುತ್ತಿದ್ದ. ಮೂರನೆಯ ಸಲ ಅಂದಾಗ ಅವಳಿಗೆ ತಡೆಯಲಾಗಲಿಲ್ಲ.

"ಹಣೆಬರಹ ಅಲ್ಲ ಮಾವ! ಹೊರಡೂಕೆ ಮುಂಚೆ ಮನೇಲೇ ಐದು ನಿಮಿಷ ನಕ್ಷೆ ನೋಡಿದ್ರೆ ನಿಮ್ಮ ಆಳು ತಪ್ಪಿ ಹೋಗ್ತಿರ್ಲಿಲ್ಲ. ಆ ಮೂಲೆ ಕಳೆದದ್ದು ನಾನು."

ಕೆರಿಯಪ್ಪ ಅವಳ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಿದ.

"ಗೊತ್ತದೆ ಮಾರಾಯ್ತಿ, ಅವತ್ತೇ ಗೊತ್ತಿತ್ತು" ಎಂದ. "ಉಣ್ಣು."