ಮರ್ಯಾದಿ ಬ್ಯಾಡ

ಹುಬ್ಬಳ್ಳಿಯಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು, ಕೋಯಂಬೇಡಿನಲ್ಲಿ ಇಳಿದು, ವೇಲಚೇರಿಯ ಸೋದರತ್ತೆಯ ಮನೆ ಮುಟ್ಟಿದಾಗ ಕಾಫಿಯಿಲ್ಲದೆ ತಲೆ ಸಿಡಿಯುತ್ತಿತ್ತು. ಅತ್ತೆ ಒಳಗೆ ಪೂಜೆಗೆ ಕೂತಿದ್ದಳು. ಚೆನ್ನೈಯಲ್ಲೇ ಹುಟ್ಟಿ ಬೆಳೆದ ಅವಳ ಮೊಮ್ಮಗಳು ಕಾಫಿ ಕೊಡಲೇ ಎಂದು ತಮಿಳಿನಲ್ಲಿ ಕೇಳಿದಳು.

“ಬ್ಯಾಡವ್ವಾ, ಈಗ ಕುಡದ ಬಂದೇನಿ” ಎಂದೆ. ಮೊದಲ ಸಲ ಕೇಳಿದಾಗ ಹಾಗೆನ್ನುವುದು ನಮ್ಮ ಕಡೆಯ ಪದ್ಧತಿ.

“ಸರಿ ಅಂಕಲ್” ಎಂದವಳು ಮೊಬೈಲು ಹಿಡಿದು ಕೂತೇಬಿಟ್ಟಳು. ಎರಡನೆಯ ಸಲ ಕೇಳಲೇ ಇಲ್ಲ! ಏನಾದರೂ ನೆವ ಹೇಳಿ ಹೊರಬಿದ್ದು ಹೋಟೆಲು ಹುಡುಕಲೇ ಎಂದು ಯೋಚಿಸುತ್ತಿರುವಾಗ ಅತ್ತೆ ಪೂಜೆ ಮುಗಿಸಿ ಬಂದಳು.

“ಮಾಮಾಗ ಕಾಫಿ ಕೊಟ್ಟಿಯೇನ?”

“ವೇಂಡಾನ್ನು ಸೊನ್ನಾರು, ಅಜ್ಜಿ.”

“ಬ್ಯಾಡ ಅಂದ್ರ ತಂದು ಕೊಡಬೇಕು, ಹುಚ್ಚಿ! ಬ್ಯಾಡ ಅನ್ನೂದು ಮರ್ಯಾದಿ.”

ನೊರೆಯೆದ್ದ ಕಾಫಿ ಬಂತು. ಮೊದಲ ಗುಟುಕಿಗೇ ಹೋದ ಜೀವ ಬಂತು. ಇನ್ನೊಂದು ಲೋಟ ತರಲೇ ಎಂದಳು ಹುಡುಗಿ. “ಬ್ಯಾಡವ್ವಾ” ಎಂದು ಬಾಯಿ ತಾನಾಗಿಯೇ ಅಂದುಬಿಟ್ಟಿತು.

ಅವಳು ಕದಲಲಿಲ್ಲ. ನಾನು ಬಂದಾಗಿನಿಂದ ಮೊದಲ ಬಾರಿಗೆ ಕನ್ನಡದಲ್ಲಿ ಕೇಳಿದಳು: “ಇದು ನಿಜವಾದ ಬ್ಯಾಡಾನಾ, ಮರ್ಯಾದಿ ಬ್ಯಾಡಾನಾ?”

“ಮರ್ಯಾದಿದು” ಎಂದು ಲೋಟ ಚಾಚಿದೆ.