ಎಫ್ ಇಪ್ಪತ್ತೊಂಬತ್ತು ಮತ್ತು ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದಳು. ರೋಗಿ ಮನೆಗೆ ಹೋದ ಮೇಲೆ ಅವನ ಫೈಲು ಅವಳ ಮೇಜಿಗೆ ಬರುತ್ತಿತ್ತು. ವೈದ್ಯರ ಕಾಗೆಕಾಲು ಗುಬ್ಬಿಕಾಲು ಅಕ್ಷರ ಓದಿ, ಆ ಕಾಯಿಲೆಗೆ ಗೊತ್ತುಮಾಡಿದ ಕೋಡನ್ನು ಕಂಪ್ಯೂಟರಿಗೆ ಹಾಕುವುದು ಅವಳ ಕೆಲಸ.

ಅವಳಿಗೆ ಕಂಡರಾಗದ ಕೋಡು ಎಂದರೆ ಎಫ್ ಇಪ್ಪತ್ತೊಂಬತ್ತು. ರೋಗಿಗೆ ಇಲ್ಲದ್ದು ಕಾಣುತ್ತಿದೆ, ಕೇಳುತ್ತಿದೆ, ಮನಸ್ಸು ಹಿಡಿತ ತಪ್ಪಿದೆ, ಆದರೆ ಯಾವ ಬಗೆಯ ಕಾಯಿಲೆಯೋ ತಿಳಿದಿಲ್ಲ ಎಂದು ಅದರ ಅರ್ಥ. ನಿಜವಾಗಿ ತಿಳಿಯದವರು ಹಾಗೆ ಬರೆದರೆ ಅವಳದೇನೂ ತಕರಾರಿರಲಿಲ್ಲ. ತಿಳಿದುಕೊಳ್ಳಲು ಪುರಸೊತ್ತಿಲ್ಲದವರೂ ಅದನ್ನೇ ಬರೆದಾಗ ಮೈಯೆಲ್ಲ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಬಸ್ ಚಾಲಕನೊಬ್ಬನ ಹೆಂಡತಿ ದಾಖಲೆ ಕೋಣೆಯ ಕಿಟಕಿಗೆ ಬಂದಳು. ಎರಡು ತಿಂಗಳ ಹಿಂದೆ ಗಂಡನಿಗೆ ವಾಂತಿಭೇದಿಯಾಗಿ, ಮೂರನೆಯ ದಿನ ಮಾತು ಅಡ್ಡಾದಿಡ್ಡಿಯಾಗಿತ್ತು. ಗೋಡೆಯ ಮೇಲೆ ಇರುವೆ ಸಾಲು ಹೋಗುತ್ತಿದೆ ಎನ್ನುತ್ತಿದ್ದ, ಅವಳ ಗುರುತೂ ಸಿಕ್ಕಿರಲಿಲ್ಲ. ಡ್ರಿಪ್ ಏರಿಸಿ ಎರಡು ದಿನವಾಗುವಷ್ಟರಲ್ಲಿ ನರ್ಸುಗಳ ಜೊತೆ ತಮಾಷೆ ಮಾಡುತ್ತಿದ್ದ. ಈಗ ಆಸ್ಪತ್ರೆಯ ಕಾಗದ ನೋಡಿದ ಬಸ್ ಕಚೇರಿಯವರು ಅವನನ್ನು ಸ್ಟೇರಿಂಗಿನಿಂದ ಇಳಿಸಿದ್ದರು.

"ಹತ್ತೊಂಬತ್ತು ವರ್ಷ ಬಸ್ ಓಡ್ಸಿದಾರೆ. ಒಂದು ಕಾಗದದಲ್ಲಿ ಹುಚ್ಚು ಅಂದ್ಬಿಟ್ರೆ ಹೇಗಮ್ಮ?" ಎಂದಳು.

ಚಿಕ್ಕಮ್ಮ ಫೈಲು ತೆಗೆದಳು. ರಕ್ತದಲ್ಲಿ ಸೋಡಿಯಂ ತೀರಾ ಇಳಿದದ್ದು ಪರೀಕ್ಷೆಯ ಹಾಳೆಯಲ್ಲಿ ಢಾಳಾಗಿ ಕಾಣುತ್ತಿತ್ತು. ಆದರೆ ಸೇರಿಸಿಕೊಂಡ ದಿನ ಬರೆದ ಕಾಯಿಲೆಯ ಹೆಸರನ್ನೇ ಬಿಡುಗಡೆಯ ಕಾಗದಕ್ಕೂ ಇಳಿಸಿದ್ದರು. ಅದಕ್ಕೆ ಎಫ್ ಇಪ್ಪತ್ತೊಂಬತ್ತು ಹಾಕಿದವರು ಯಾರೆಂದು ನೋಡಿದಳು. ಅವಳೇ. ಬರೆದದ್ದನ್ನು ಬಿಟ್ಟು ಬೇರೆ ಕೋಡ್ ಹಾಕುವ ಅಧಿಕಾರ ಅವಳಿಗಿರಲಿಲ್ಲ, ನಿಜ. ವೈದ್ಯರಿಗೆ ಚೀಟಿ ಕಳಿಸಿ ಕೇಳಬಹುದಿತ್ತು. ಅಂದು ಫೈಲುಗಳ ರಾಶಿಯ ಮುಂದೆ ಕೇಳಿರಲಿಲ್ಲ. ಆ ತಪ್ಪಿನಲ್ಲಿ ತನಗೂ ಪಾಲಿದೆ ಎಂದು ಅವಳು ಕೊನೆಯವರೆಗೂ ಒಪ್ಪಿಕೊಳ್ಳುತ್ತಿದ್ದಳು.

ಹಳೇ ಫೈಲು ಕೆದಕುವುದು ಯಾಕೆ, ಅದು ಮುಗಿದ ವಿಷಯ ಎಂದರು ಮೇಲ್ವಿಚಾರಕರು.

"ನಮಗೆ ಮುಗೀತು ಸಾರ್. ಅವನಿಗೆ ಈಗ ಶುರುವಾಗಿದೆ."

ವೈದ್ಯರಿಗೆ ನಾಲ್ಕು ಚೀಟಿ ಹೋದವು, ಒಂದಕ್ಕೂ ಉತ್ತರ ಬರಲಿಲ್ಲ. ಐದನೆಯ ದಿನ ಚಿಕ್ಕಮ್ಮ ರೋಗಿಗಳ ಸಾಲಿನಲ್ಲೇ ಟೋಕನ್ ಹಿಡಿದು ಕೂತಳು. ಸರದಿ ಬಂದಾಗ ವೈದ್ಯರು ತಲೆಯೆತ್ತದೆ, "ಏನು ತೊಂದರೆ?" ಎಂದು ಕೇಳಿದರು.

"ನನಗಲ್ಲ ಡಾಕ್ಟ್ರೇ, ನಿಮ್ಮ ಫೈಲಿಗೆ."

ಅವರು ಹಾಳೆ ತಿರುವಿ ನೋಡಿದರು. ಇದು ಉಪ್ಪಿನಂಶ ಇಳಿದು ಬಂದ ಸನ್ನಿ, ಸೇರಿಸಿಕೊಂಡಾಗ ಗೊತ್ತಾಗಿರಲಿಲ್ಲ ಎಂದರು.

"ಮನೆಗೆ ಕಳ್ಸೋವಾಗ ಗೊತ್ತಿತ್ತಲ್ಲ?"

ವೈದ್ಯರು ತಿದ್ದುಪಡಿ ಬರೆದು ಸಹಿ ಹಾಕಿದರು. ಚಿಕ್ಕಮ್ಮ ಅಂದೇ ಎಫ್ ಇಪ್ಪತ್ತೊಂಬತ್ತು ತೆಗೆದು ಸನ್ನಿಯ ಕೋಡು, ಸೋಡಿಯಂ ಕೊರತೆಯ ಕೋಡು ಎರಡನ್ನೂ ಹಾಕಿದಳು.

ಅಷ್ಟಕ್ಕೇ ಬಿಡದೆ, ರಜೆ ಹಾಕಿ ಆ ದಂಪತಿಯ ಜೊತೆ ಬಸ್ ಕಚೇರಿಗೂ ಹೋದಳು. ತಮ್ಮ ಕಂಪ್ಯೂಟರಿನಲ್ಲಿ ಹಳೆಯದು ಅಳಿಸಲಾಗುವುದಿಲ್ಲ, ಕೆಲವು ತಿಂಗಳು ಇವರನ್ನು ಗಮನಿಸಬೇಕು ಎಂದ ಅಲ್ಲಿನ ಅಧಿಕಾರಿ.

"ಏನು ಗಮನಿಸ್ತೀರಿ? ಊಟಕ್ಕೆ ಉಪ್ಪು ಹಾಕ್ಕೋತಾರಾ ಅಂತಲಾ?"

ಪಕ್ಕದಲ್ಲಿ ಕೂತಿದ್ದ ಚಾಲಕ ಎಷ್ಟೋ ದಿನದ ಮೇಲೆ ನಕ್ಕ. ಅಧಿಕಾರಿ ನಗಲಿಲ್ಲ. ಐದು ತಿಂಗಳು ಡಿಪೋದಲ್ಲಿ ಬಸ್ ತೊಳೆಸಿ, ಆಮೇಲೆ ಅವನನ್ನು ಸ್ಟೇರಿಂಗಿಗೆ ಕೂರಿಸಿದರು. ಅವನ ಹಳೆಯ ದಾರಿ ಅಷ್ಟರಲ್ಲಿ ಬೇರೆಯವನ ಪಾಲಾಗಿತ್ತು. ಯಾರೂ ತಪ್ಪಾಯಿತು ಎನ್ನಲಿಲ್ಲ.

ಅಲ್ಲಿಂದ ಮುಂದೆ ಆ ಕೋಡು ಕಂಡಾಗಲೆಲ್ಲ ಚಿಕ್ಕಮ್ಮ ಕುರ್ಚಿ ಬಿಟ್ಟು, ವೈದ್ಯರನ್ನೇ ಕೇಳಲು ವಾರ್ಡಿಗೆ ನಡೆಯುತ್ತಿದ್ದಳು. ಕೆಲಸ ನಿಧಾನವಾಯಿತೆಂದು ಎರಡು ಮೆಮೋ ಬಂದವು. ಎರಡಕ್ಕೂ ಅವಳು ಬರೆದದ್ದು ಒಂದೇ ಸಾಲು: ಕೇಳದೆ ಹಾಕಲಾರೆ.