ಹಲ್ಲು ಮುರಿದ ವಾರದ ಯುಗಳ ಗೀತೆ

ಮಂಗಳವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟ ಪರದೆಯವರು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಂದೊಂದು ಮೂಲೆಯಲ್ಲೂ ನಿಂತು ಚಪ್ಪಾಳೆ ತಟ್ಟಿದರು. ತಟ್ಟಿದ ಸದ್ದು ಅಲ್ಲೇ ಇಂಗಿಹೋದರೆ ಸರಿ. ಗೋಡೆಗೆ ಬಡಿದು ಹಿಂದಿರುಗಿದರೆ ಆ ಕಡೆಯ ಪರದೆಯ ನೆರಿಗೆ ಸರಿದಿದೆ ಎಂದರ್ಥ. ಕಿಟಕಿಯ ಮೂಲೆಯಲ್ಲಿ ಸದ್ದು ತುಸು ಹಿಂದಿರುಗಿತು. ಸ್ಟೂಲ್ ಹತ್ತಿ, ನೆರಿಗೆ ಕೂಡಿಸಿ, ಇಳಿದು ಮತ್ತೊಮ್ಮೆ ತಟ್ಟಿದರು.

ಹೊರಗೆ ಅವರ ಹೆಂಡತಿ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದರು. ಈ ಹೊತ್ತಿಗೆ "ಬೆಳಬೆಳಗ್ಗೆ ಯಾರಿಗ್ರೀ ಚಪ್ಪಾಳೆ?" ಎಂದು ಅವರು ಕೇಳುವುದು, "ನಿನ್ನ ಹಾಡಿಗೇ ಕಣೇ" ಎಂದು ಇವರು ಒಳಗಿನಿಂದ ಕೂಗುವುದು ಆ ಮನೆಯ ರೂಢಿಯಾಗಿತ್ತು. ಮಂಗಳವಾರ ಗೇಟಿನ ಚಿಲಕದ ಸದ್ದು ಮಾತ್ರ ಕೇಳಿತು.

ಬೀದಿಯವರು ಇವರನ್ನು ಕರೆಯುವುದೇ ಪರದೆಯವರು ಎಂದು. ಮನೆಗಳಿಗೆ ಹೋಗಿ ಕಿಟಕಿ ಅಳೆದು, ಪರದೆ ಹೊಲಿದು, ತಾವೇ ತೂಗುಹಾಕಿ ಬರುವುದು ಕಸುಬು. ಗುಂಡುಸೂಜಿಗಳನ್ನು ಮುಂದಿನ ಹಲ್ಲುಗಳ ನಡುವೆ ಕಚ್ಚಿಕೊಂಡು ಕೆಲಸ ಮಾಡುತ್ತಾರೆ. ಆಗ ಏನು ಕೇಳಿದರೂ "ಹ್ಞೂಂ", "ಉಹ್ಞೂಂ" ಎರಡೇ ಉತ್ತರ. ಹೊಸ ಮನೆಗೆ ದಪ್ಪ ಪರದೆ ಹಾಕಿದ ದಿನ ಮನೆಯವರು "ಏನೋ ನಿಶ್ಶಬ್ದ ಆಯ್ತಲ್ಲ" ಎನ್ನುವುದನ್ನು ಅವರು ಎಷ್ಟೋ ಸಲ ಕೇಳಿದ್ದರು. ಹಾಡುವ ಕೋಣೆಯ ಯೋಚನೆ ಹುಟ್ಟಿದ್ದು ಆ ಮಾತಿನಿಂದ.

ಹೆಂಡತಿ ಆಸ್ಪತ್ರೆಯೊಂದರ ವಿಚಾರಣೆ ಕೌಂಟರಿನಲ್ಲಿ ಕೂರುತ್ತಾರೆ. ಎಕ್ಸ್-ರೇ ಎಲ್ಲಿ, ರಕ್ತ ಪರೀಕ್ಷೆ ಎಲ್ಲಿ ಎಂದು ದಿನವಿಡೀ ಹೇಳುವ ದನಿ ಅದು. ಮದುವೆಗೆ ಮುಂಚೆ ಅದೇ ದನಿ ವೇದಿಕೆ ಹತ್ತಿ ಹಾಡುತ್ತಿತ್ತು. ಗೋಡೆಗಂಟಿದ ಮನೆಗಳ ಸಾಲಿಗೆ ಬಂದ ಮೇಲೆ, ಪಕ್ಕದವರು ಗೋಡೆ ಕುಟ್ಟಿದ ಮೇಲೆ, ಹಾಡು ನಿಂತಿತ್ತು. ಬಟ್ಟೆಯ ಸುರುಳಿಗಳನ್ನು ತುಂಬಿಡುತ್ತಿದ್ದ ಹಿಂದಿನ ಕೋಣೆಯನ್ನು ಪರದೆಯವರು ಖಾಲಿ ಮಾಡಿದ್ದು ಅವರಿಗಾಗಿ.

ಆ ಕೋಣೆಯನ್ನು ನೋಡಿದರೆ ಮನಸ್ಸಿಟ್ಟು ಮಾಡಿದ್ದೆಂದು ತಿಳಿಯುತ್ತದೆ. ಗೋಡೆಯ ಅಗಲಕ್ಕೆ ಎರಡರಷ್ಟು ಬಟ್ಟೆ ಹಿಡಿಸಿದ ಪರದೆಗಳು. ಬಾಗಿಲಿನ ಒಳಮೈಗೆ ಹಳೆಯ ರಜಾಯಿ. ನೆಲಕ್ಕೆ ಕಂಬಳಿ. ಹಾಡಿನ ಸಾಹಿತ್ಯ ಮೂಡುವ ಪರದೆ ಮಾತ್ರ ಅಂಗಡಿಯಿಂದ ತಂದ ಟಿ.ವಿ. ಇಬ್ಬರು ಕೂರುವ ಸೋಫಾವನ್ನು ಬೇಕೆಂದೇ ಒಂದು ಗೇಣು ಗಿಡ್ಡವಾಗಿಸಿದ್ದಾರೆ. ಜಗಳವಾಡಿ ಬಂದವರೂ ಹೆಗಲು ತಾಗಿಸಿಯೇ ಕೂರಬೇಕು. ಮುಂದೆ ಎರಡು ಮೈಕು, ಮೇಲೆ ಹಳದಿ ದೀಪ. ಕೋಣೆ ತಮಗಷ್ಟೇ ಏಕೆ ಎಂದು ಆಮೇಲೆ ಜೋಡಿಗಳಿಗೂ ತೆರೆದರು. ಹೊಸದಾಗಿ ಮದುವೆಯಾದವರು ಬಂದರು, ಮೊಮ್ಮಕ್ಕಳಿರುವವರೂ ಬಂದರು. ಬಾಗಿಲ ಪಕ್ಕ ಪರದೆಯವರು ಬಟ್ಟೆಯ ಮೇಲೆ ಕೈಯಾರೆ ಕಸೂತಿ ಹಾಕಿ ತೂಗಿದ್ದಾರೆ: ಇಲ್ಲಿ ತಪ್ಪು ಅಳಿಸುವುದಿಲ್ಲ.

ಅದು ಆ ಕೋಣೆಯ ನಿಯಮ. ದನಿ ಒಡೆಯಲಿ, ಸಾಲು ಮರೆಯಲಿ, ನಡುವೆ ನಗು ಬರಲಿ, ಹಾಡಿದ್ದು ಹಾಡಿದಂತೆಯೇ ಪೆನ್‌ಡ್ರೈವಿನಲ್ಲಿ ಸಿಗುತ್ತದೆ. ಪ್ರತಿಯೊಬ್ಬರ ದನಿಯೂ ಬೇರೆಬೇರೆಯಾಗಿ ದಾಖಲಾಗುತ್ತದೆ. ಎರಡನ್ನೂ ಕೂಡಿಸಿ, ಏರಿಳಿತ ಸರಿಮಾಡಿ ತರುವುದು ಹೆಂಡತಿಯ ತಮ್ಮನ ಕೆಲಸವಾಗಿತ್ತು. ಸಭೆಗಳಿಗೆ ಧ್ವನಿವರ್ಧಕ ಬಾಡಿಗೆಗೆ ಕೊಡುವ ಅವನನ್ನು ಮನೆಯಲ್ಲೂ ಹೊರಗೂ 'ಮೈಕು' ಎಂದೇ ಕರೆಯುತ್ತಾರೆ. ಪರದೆಯವರಿಗೆ ಆಗ ಗೊತ್ತಿದ್ದದ್ದು ಎರಡೇ ಗುಂಡಿ: ಒಂದು ಶುರು, ಇನ್ನೊಂದು ನಿಲ್ಲು.

ಭಾನುವಾರ ಸಂಜೆ ಕೋಣೆ ಯಾರಿಗೂ ಸಿಗುತ್ತಿರಲಿಲ್ಲ. ಅದು ಗಂಡಹೆಂಡಿರ ಹೊತ್ತು. ಎರಡು ವರ್ಷ ಇಬ್ಬರೂ ತಪ್ಪದೆ ಹಾಡಿದ್ದಾರೆ. ಅಂಥ ಒಂದು ಹಾಡನ್ನೇ ಮಾದರಿಯಾಗಿ ಬಂದವರಿಗೆಲ್ಲ ಕೇಳಿಸುತ್ತಿದ್ದರು. ಅಂಜುತ್ತ ಕುಳಿತ ಗಂಡಸರಿಗೆ ಪರದೆಯವರು ಹೇಳುತ್ತಿದ್ದ ಮಾತು ಒಂದೇ: "ನಾನು ಕಿಟಕಿಗೆ ಬಟ್ಟೆ ಹೊಲಿಯೋನು ಸ್ವಾಮಿ. ನಂಗೇ ಇಷ್ಟು ಬಂತು ಅಂದ್ರೆ ನಿಮಗೆ ಬರಲ್ವಾ?" ಇನ್ನೊಂದು ಮಾತನ್ನೂ ಸೇರಿಸುತ್ತಿದ್ದರು: "ಕೇಳ್ದಾಗ ಗಾಬರಿ ಆಗ್ಬೇಡಿ. ರೆಕಾರ್ಡಲ್ಲಿ ನಮ್ಮ ದನಿ ನಮಗೇ ಬೇರೆ ಯಾರದೋ ಥರ ಕೇಳುತ್ತೆ. ಎಲ್ಲಾರ್ಗೂ ಹಾಗೇ." ಇದನ್ನು ಅವರಿಗೆ ಹೇಳಿಕೊಟ್ಟವನು ಮೈಕು.

ಕಳೆದ ತಿಂಗಳು ಒಂದು ಮನೆಯಲ್ಲಿ ಏಣಿಯ ಮೇಲೆ ನಿಂತು ಸೂಜಿ ಕಚ್ಚಿಕೊಂಡಿದ್ದಾಗ ಪರದೆಯವರ ಮುಂದಿನ ಹಲ್ಲಿನ ಮೂಲೆ ಮುರಿಯಿತು. ಅಂದಿನಿಂದ ಅವರ ಬಾಯಲ್ಲಿ 'ಸ' ಬಂದಾಗಲೆಲ್ಲ ಸಣ್ಣ ಸೀಟಿ. "ಸಾರು ಸಾಕು" ಎಂದರೆ ಎರಡು ಸೀಟಿ. ಹೆಂಡತಿ ಊಟ ಬಿಟ್ಟು ನಕ್ಕರು. "ರೀ, ಸೋಮವಾರ ಸಂಜೆ ಸಂತೆ ಅನ್ನಿ ನೋಡೋಣ" ಎಂದು ಮಕ್ಕಳಂತೆ ಕಾಡಿದರು. ದಂತವೈದ್ಯರು ಬರಹೇಳಿದ್ದ ದಿನವನ್ನು ಪರದೆಯವರು ತಾವಾಗಿಯೇ ಮುಂದೂಡಿದರು. ಸೀಟಿ ಇರುವಾಗಲೇ ಭಾನುವಾರದ ಹಾಡು ದಾಖಲಾಗಬೇಕು. ಬರುವ ಜೋಡಿಗಳು ಅದನ್ನು ಕೇಳಿ ನಕ್ಕು ಹಗುರಾಗುತ್ತಾರೆ ಎಂಬುದು ಅವರ ಲೆಕ್ಕಾಚಾರ.

ಹಲ್ಲು ಮುರಿದ ವಾರದ ಭಾನುವಾರ ಹಾಡಿದರು. ಪಲ್ಲವಿ ತಿರುಗುವಲ್ಲಿ ಸೀಟಿ ಬಂದಾಗ ಹೆಂಡತಿ ತಡೆಯಲಾರದೆ ನಕ್ಕು ಮೈಕಿನಿಂದ ಮುಖ ತಿರುಗಿಸಿದರು. ಮರುದಿನ ಸಂಜೆ ಮೈಕು ಪೆನ್‌ಡ್ರೈವ್ ತಂದ. ಚಹಾ ಕುಡಿಯುತ್ತ ಮೂವರೂ ಆ ಕೋಣೆಯಲ್ಲೇ ಕುಳಿತು ಕೇಳಿದರು. ಹಾಡು ಮುಗಿದಾಗ ಪರದೆಯವರು ಕೇಳಿದರು:

"ಸೀಟಿ ಎಲ್ಲೋ?"

"ಯಾವ ಸೀಟಿ, ಭಾವ?"

"ನನ್ನ ಹಲ್ಲಿಂದು. ನಿಮ್ಮಕ್ಕ ನಕ್ಕಿದ್ದು ಇದೆ. ಯಾತಕ್ಕೆ ನಕ್ಕಳೋ ಅದು ಇಲ್ಲ."

"ಮಷೀನು ತಾನಾಗೇ ತೆಗ್ದಿರುತ್ತೆ ಭಾವ. ಸೀಟಿ ಅಂದ್ರೆ ಗಲಾಟೆ ಅನ್ಕೊಳುತ್ತೆ ಅದು."

"ಹಾಗಾದ್ರೆ ವಾಪಸ್ ಹಾಕು. ಅದಕ್ಕೇ ತಾನೇ ನಾನು ಹಲ್ಲು ಕಟ್ಟಿಸದೆ ಕೂತಿರೋದು."

ಮೈಕು ಅಕ್ಕನ ಮುಖ ನೋಡಿದ. ಅಕ್ಕ ಲೋಟ ತೊಳೆಯಲೆಂದು ಎದ್ದರು. ಲೋಟದಲ್ಲಿ ಇನ್ನೂ ಚಹಾ ಇತ್ತು.

"ಕೂತ್ಕೋ" ಎಂದರು ಪರದೆಯವರು. ಅವರು ಕೂರಲಿಲ್ಲ.

"ಅದು ನಂದು, ಭಾವ" ಎಂದ ಮೈಕು.

"ಏನು ನಿಂದು?"

"ದನಿ."

"ಯಾವತ್ತಿಂದ?"

"ಮೊದಲ್ನೇ ಹಾಡಿಂದ."

ಆಮೇಲೆ ಮಾತಾಡಿದ್ದು ಹೆಂಡತಿ. ಮೊದಲ ಸಲ ಗಂಡ ಹಾಡಿದ್ದು ಎಲ್ಲೂ ಶ್ರುತಿಗೆ ನಿಂತಿರಲಿಲ್ಲ. ಮೈಕು ಅಂಗಡಿಯಲ್ಲಿ ಕುಳಿತು ತಮಾಷೆಗೆಂದು ಅದೇ ಸಾಲುಗಳನ್ನು ತಾನು ಹಾಡಿ ಕೂಡಿಸಿ ತಂದಿದ್ದ. ಕೇಳಿಸಿ, ನಕ್ಕು, ನಿಜ ಹೇಳಿಬಿಡುವುದೆಂದೇ ಅಕ್ಕತಮ್ಮ ಮಾತಾಡಿಕೊಂಡಿದ್ದರು. ಆದರೆ ಹಾಡು ಕೇಳಿದ ಪರದೆಯವರ ಕಣ್ಣು ತುಂಬಿತು. ಆ ಸಂಜೆಯೆಲ್ಲ ಅದನ್ನೇ ಮತ್ತೆ ಮತ್ತೆ ಹಾಕಿಕೊಂಡು ಕುಳಿತರು.

"ನಿಮ್ಮ ಮುಖ ನೋಡಿ ಹೇಳೋಕೆ ಬಾಯಿ ಬರ್ಲಿಲ್ಲ ರೀ."

"ಅವತ್ತು ಬರ್ಲಿಲ್ಲ. ಸರಿ. ಮುಂದಿನ ವಾರ? ಅದರ ಮುಂದಿನ ವಾರ?" ಅವರ ದನಿ ಏರಲಿಲ್ಲ. "ಅಕ್ಕತಮ್ಮ ಕೂತು ವಾರವಾರ ನನ್ನ ಕಿವಿಗೆ ಹೂವಿಟ್ಟಿದ್ದೀರಿ. ನೀನು ಯಾರ ಜೊತೆ ಹಾಡ್ತಿದ್ದೆ?"

"ನಿಮ್ಮ ಜೊತೆನೇ."

"ಕೇಳ್ತಿದ್ದಿದ್ದು ಯಾರ ಜೊತೆ?"

ಪರದೆಯವರು ಮೈಕುವಿನ ಕಡೆ ತಿರುಗಿದರು. "ನಾನು ಹಾಡಿದ್ದು ಎಲ್ಲಿದೆ? ಕೊಡು. ಹೇಗಿದ್ರೂ ಸರಿ, ಕೊಡು."

"ಇಲ್ಲ ಭಾವ. ಕಂಪ್ಯೂಟರಲ್ಲಿ ಜಾಗ ಸಾಲ್ದೆ ಅಳಿಸ್ತಾ ಬಂದೆ. ನಿನ್ನೇದೂ."

"ಊರವರ ಅಪಸ್ವರಕ್ಕೆಲ್ಲ ಜಾಗ ಇತ್ತು. ನನ್ನದಕ್ಕೆ ಇರ್ಲಿಲ್ಲ."

ಎರಡು ವರ್ಷದ ಭಾನುವಾರಗಳಲ್ಲಿ ಗಂಡಹೆಂಡತಿ ಕೂಡಿ ಹಾಡಿದ ಒಂದು ಸಾಲೂ ಈಗ ಎಲ್ಲೂ ಇಲ್ಲ. ಇರುವುದೆಲ್ಲ ಅಕ್ಕತಮ್ಮ ಹಾಡಿದ್ದು.

ಆಪ್ತರ ಮುಂದೆ ಪರದೆಯವರು ಇದನ್ನು ಹೇಳುವಾಗ ಕೈಯಲ್ಲಿ ಕತ್ತರಿ ಇರುತ್ತದೆ, ಬಟ್ಟೆ ಸರಿಯುತ್ತಿರುತ್ತದೆ. "ಹಾಡು ಬರಲ್ಲ ಅನ್ನೋದು ದೊಡ್ಡ ವಿಷಯ ಅಲ್ಲ. ಎಷ್ಟೋ ಜನಕ್ಕೆ ಬರಲ್ಲ. ನಂಗೆ ಬರಲ್ಲ ಅನ್ನೋದು ನಂಗೊಬ್ಬನಿಗೇ ಗೊತ್ತಿರ್ಲಿಲ್ಲ ನೋಡಿ" ಎನ್ನುತ್ತಾರೆ. ಆ ಮಾದರಿ ಹಾಡು ಕೇಳಿ ಧೈರ್ಯ ತಂದುಕೊಂಡು ಹಾಡಿದ ಗಂಡಸರ ಮುಖಗಳು ನೆನಪಾಗುತ್ತವಂತೆ. ಅವರಲ್ಲಿ ಕೆಲವರು ಇದೇ ಬೀದಿಯವರು. ಎದುರಾದರೆ ಇವರೇ ಬೇರೆ ಕಡೆ ನೋಡುತ್ತಾರೆ.

ಹೆಂಡತಿ ಕೌಂಟರಿನಲ್ಲಿ ಜನ ಕಡಿಮೆಯಾದ ಹೊತ್ತಿನಲ್ಲಿ ಆಪ್ತರೊಬ್ಬರಿಗೆ ಹೇಳಿದರು: "ಸುಳ್ಳು ಹೇಳಿದ್ದು ಒಂದೇ ಸಲ. ಆಮೇಲೆ ಅದನ್ನ ಕಾಪಾಡ್ಕೊಂಡು ಬಂದೆ, ಅಷ್ಟೆ. ಅವರ ಹಾಡು ನಂಗೆ ಹಾಗೇ ಇಷ್ಟ ಇತ್ತು. ಅದನ್ನ ಈಗ ಹೇಳಿದ್ರೆ ನಂಬ್ತಾರಾ?" ಯಾರೋ ಬಂದು ಸ್ಕ್ಯಾನಿಂಗ್ ಎಲ್ಲಿ ಎಂದು ಕೇಳಿದರು. ಅವರು ಎಡಕ್ಕೆ ಕೈ ತೋರಿಸಿದರು.

ಹಲ್ಲು ಕಟ್ಟಿಸಿಯಾಗಿದೆ. ಸೀಟಿ ಹೋಗಿದೆ. ಮೈಕು ಈಗ ಮನೆಗೆ ಬರುವುದಿಲ್ಲ. ಎರಡು ದನಿ ಕೂಡಿಸುವುದನ್ನು ಪರದೆಯವರು ತಾವೇ ತಡವರಿಸುತ್ತ ಕಲಿಯುತ್ತಿದ್ದಾರೆ. ಮಾದರಿ ಹಾಡು ಈಗಿಲ್ಲ.

ಗೇಟಿನ ಚಿಲಕದ ಸದ್ದಷ್ಟೇ ಕೇಳಿದ ಆ ಮಂಗಳವಾರದ ಸಂಜೆ ಹೆಂಡತಿ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಬಾಗಿಲಲ್ಲಿ ಒಬ್ಬ ಟ್ಯಾಕ್ಸಿ ಚಾಲಕ ನಿಂತಿದ್ದ. ಹಿಂದೆಯೂ ಎರಡು ಸಲ ಬಂದು ಬರಿಗೈಯಲ್ಲಿ ಹೋದವನು. ತನ್ನ ಹೆಂಡತಿಯ ಜೊತೆ ಹಾಡುವ ಆಸೆ ಅವನಿಗೆ. ಇಬ್ಬರಿಗೂ ಬಿಡುವು ಸಿಗುವುದು ಭಾನುವಾರ ಸಂಜೆ ಮಾತ್ರ.

"ಭಾನುವಾರ ಕೊಡಲ್ಲ ಅಂತ ಗೊತ್ತಣ್ಣ, ಆದ್ರೂ ಕೇಳಿ ಹೋಗೋಣ ಅಂತ. ಜೊತೆಗೆ ನಂಗೆ ಹಾಡೋಕೂ ಅಷ್ಟು ಬರಲ್ಲ. ನಿಮ್ಮ ಹಾಡು ಇನ್ನೊಂದ್ಸಲ ಕೇಳಿಸಿದ್ರೆ ಸ್ವಲ್ಪ ಧೈರ್ಯ ಬರ್ತಿತ್ತು."

"ಅದು ನನ್ನ ಹಾಡಲ್ಲ" ಎಂದರು ಪರದೆಯವರು. "ನಂಗೂ ಹಾಡೋಕೆ ಬರಲ್ಲ. ಭಾನುವಾರ ಬನ್ನಿ."

ಚಾಲಕ ಹೋದ ಮೇಲೆ ಹೆಂಡತಿ ಗೋಡೆ ಹಿಡಿದು ನಿಂತೇ ಕೇಳಿದರು. "ಭಾನುವಾರ ಸಂಜೆ ಕೊಟ್ರಾ?"

"ಖಾಲಿ ಇತ್ತಲ್ಲ" ಎಂದು ಅವರು ಒಳಗೆ ಹೋದರು.

ಭಾನುವಾರ ಸಂಜೆ ಐದಕ್ಕೆ ಚಾಲಕ ಮತ್ತು ಅವನ ಹೆಂಡತಿ ಬರುತ್ತಾರೆ.